ಆಮೆಗೆ ಹಿಡಿದ ಮರೆ

ತಂಗಡಿಕುಂಟೆ ಕೆರೆಯ ಆಮೆಗಳಿಗೆ ಮರ್ಯಾದೆ ಬಂದದ್ದು ಇತ್ತೀಚೆಗೆ. ಅದಕ್ಕೆ ಮೊದಲು ಅವು ಬರೀ ಆಮೆಗಳಾಗಿದ್ದವು. ಬಲೆಗೆ ಸಿಕ್ಕಿದರೆ ಮೀನು ಹಿಡಿಯುವವರು ಬೈದು ಬಿಸಾಡುತ್ತಿದ್ದರು. ಕಾಲೋನಿಯವರ ಕೈಗೆ ಸಿಕ್ಕಿದರೆ ಸಾರಾಗುತ್ತಿದ್ದವು. ಈಗ ಅವುಗಳನ್ನು ನೋಡಲು ಬೆಂಗಳೂರಿನಿಂದ ಕಾರು ಮಾಡಿಕೊಂಡು ನೆಂಟರು ಬರುತ್ತಾರೆ.

ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ದಾರಿಯಲ್ಲಿ ಬಲಕ್ಕೆ ತಿರುಗಿದರೆ ದೊಡ್ಡ ಬೋರ್ಡು. ಬೋರ್ಡಿನ ಮೇಲೆ ಕೂಲಿಂಗ್ ಗ್ಲಾಸು ಹಾಕಿಕೊಂಡ ಆಮೆ. ಕೆಳಗೆ ‘ಕೂರ್ಮ ಕ್ಯಾಂಪ್’ ಎಂದು ಬರೆದಿದೆ. ಆ ಬೋರ್ಡನ್ನು ಮೊದಲ ಸಲ ನೋಡಿದ ದಿನ ಪಾಪಕ್ಕ, “ನಮ್ಮಪ್ಪ ಇದ್ದಿದ್ರೆ ಕೈ ಮುಗೀತಿದ್ದ. ಅವ್ನು ತಿಂದಿದ್ದು ಒಂದಾ ಎರಡಾ!” ಎಂದಿದ್ದಳು.

ಪಾಪಕ್ಕ ಅದೇ ಕ್ಯಾಂಪಿನಲ್ಲಿ ಕೆಲಸಕ್ಕಿದ್ದಾಳೆ. ಐವತ್ತು ದಾಟಿದ ಹೆಂಗಸು. ಬೆಳಿಗ್ಗೆ ಬಂದು ಮೊದಲು ಕಕ್ಕಸು ತೊಳೆಯಬೇಕು. ಮೂರು ಕಕ್ಕಸು, ಮೂರೂ ಕುರ್ಚಿಯ ಹಾಗೆ ಕೂರುವಂಥವು. ಮಂಡಿಯೂರಿ, ಕೈ ಒಳಗೆ ಬಿಟ್ಟು, ಬ್ರಷ್ಷಿನಿಂದ ತಿಕ್ಕಬೇಕು. ಆಸಿಡ್ಡಿನ ಹೊಗೆ ಮೂಗಿಗೆ ಹೊಡೆಯುತ್ತದೆ. ಬೆರಳ ತುದಿಗಳು ಸುಲಿದು ಬೆಳ್ಳಗಾಗಿವೆ. ರಾತ್ರಿ ಮುದ್ದೆ ಮುರಿದು ಸಾರಿಗೆ ಅದ್ದುವಾಗ ಚುರುಚುರು ಎನ್ನುತ್ತವೆ. ಕಕ್ಕಸು ಆದಮೇಲೆ ಅಂಗಳ, ಅಂಗಳ ಆದಮೇಲೆ ಕೆರೆ ಏರಿ. ಏರಿಯ ಮೇಲೆ ನೆಂಟರು ಬಿಟ್ಟುಹೋದ ಬಾಟಲಿ, ಚಿಪ್ಸು ಪೊಟ್ಟಣ ಆಯುವುದು. ಕಕ್ಕಸಿನ ಬಾಗಿಲ ಮೇಲೆ ‘ಅತಿಥಿಗಳಿಗೆ ಮಾತ್ರ’ ಎಂಬ ಫಲಕವಿದೆ. ಅದನ್ನು ದಿನಾ ಒರೆಸಿ ಫಳಫಳ ಮಾಡುವುದೂ ಪಾಪಕ್ಕನೇ.

ಅವಳ ಜೊತೆಗೆ ಇನ್ನಿಬ್ಬರು. ಒಬ್ಬಳು ಇಂದ್ರಾಣಿ, ಆಂಡರ್ಸನ್‌ಪೇಟೆಯಿಂದ ಬಸ್ಸು ಹಿಡಿದು ಬಂದು ಅಡುಗೆ ಮಾಡುವವಳು. ತಮಿಳಿನಲ್ಲಿ ಬೈದು ಕನ್ನಡದಲ್ಲಿ ನಗುತ್ತಾಳೆ. ಸಕ್ಕರೆ ಕಾಯಿಲೆಯವಳು. ಇನ್ನೊಬ್ಬಳು ಶಶಿರೇಖ, ಪಾಪಕ್ಕನ ಕಾಲೋನಿಯ ಹುಡುಗಿ. ಪಾತ್ರೆ ತೊಳೆದು ಹಾಸಿಗೆ ಬಟ್ಟೆ ಒಗೆಯುತ್ತಾಳೆ. ಮಾತು ಕಡಿಮೆ.

ಇವರ ಮೇಲೆ ಮೇನೇಜರು ಕಾಂತರಾಜ್. ಅವನೂ ಆಂಡರ್ಸನ್‌ಪೇಟೆಯವನೇ. ಕೆಟ್ಟವನಲ್ಲ. ಆದರೆ ಓನರ್ ಫೋನು ಬಂದರೆ ಕೂತಿದ್ದವನು ಎದ್ದು ನಿಂತು ಮಾತಾಡುತ್ತಾನೆ. ಓನರು ಬೆಂಗಳೂರಿನಲ್ಲಿರುತ್ತಾರೆ. ಅಲ್ಲಿಂದ ಇವನು ನಿಂತಿದ್ದಾನೋ ಕೂತಿದ್ದಾನೋ ಅವರಿಗೆ ಕಾಣುವುದಿಲ್ಲ ಎಂದು ಪಾಪಕ್ಕ ಎಷ್ಟೋ ಸಲ ಹೇಳಿದ್ದಾಳೆ. ಅವನಿಗೆ ನಂಬಿಕೆ ಬಂದಿಲ್ಲ.

ಕ್ಯಾಂಪು ಶುರುವಾದ ಹೊಸತರಲ್ಲಿ ಬಂದ ನೆಂಟರು ಒಳ್ಳೆಯವರಿದ್ದರು. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಆಮೆ ಏರಿ ಹತ್ತಿ ಗುಂಡಿ ತೋಡಿ ಮೊಟ್ಟೆ ಇಡುವುದನ್ನು ದೂರದಲ್ಲಿ ಕೂತು, ಉಸಿರು ಬಿಗಿಹಿಡಿದು ನೋಡಿ ಹೋಗುತ್ತಿದ್ದರು. ಅವರ ಫೋಟೋದಲ್ಲಿ ಆಮೆ ಕಡಲೆಕಾಯಿಯಷ್ಟು ಕಾಣುತ್ತಿತ್ತು. ಅದನ್ನು ಕಂಡು ಬಂದವರಿಗೆ ಕಡಲೆಕಾಯಿ ಸಾಲದಾಯಿತು. ಹತ್ತಿರ ಹೋದರು. ಆಮೆ ತಟ್ಟೆಯಷ್ಟಾಯಿತು. ಆಮೇಲೆ ಬಂದವರು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಹಲ್ಲು ಬಿಟ್ಟರು. ಒಬ್ಬಾಕೆ ವಿಷ್ಣುವಿನ ಅವತಾರವೆಂದು ಬೆನ್ನಿಗೆ ಅರಿಶಿನ ಕುಂಕುಮ ಬಳಿದು ಹಾಲು ಸುರಿದಳು. ಒಬ್ಬ ಗುಂಡಿಗೆ ಕೈ ಹಾಕಿ ಮೊಟ್ಟೆ ತೆಗೆದು ಕಿವಿಗೆ ಹಿಡಿದುಕೊಂಡ.

“ಏನಂತೆ ಒಳಗಿಂದ?” ಎಂದು ಪಾಪಕ್ಕ ಕೇಳಿದ್ದಳು. “ಎಲ್ಲಾ ಚೆನ್ನಾಗವ್ರಂತಾ?”

ಅವನಿಗೆ ಕನ್ನಡ ಬರುತ್ತಿರಲಿಲ್ಲ. ನಕ್ಕು, ಪಾಪಕ್ಕನದೂ ಒಂದು ಫೋಟೋ ತೆಗೆದುಕೊಂಡು ಹೋದ.

ಇಂಥ ನೆಂಟರನ್ನು ತಿದ್ದಲೆಂದು ಓನರು ಟೀವಿ ಹಾಕಿಸಿದರು. ಶನಿವಾರ ಮಧ್ಯಾಹ್ನ ನೆಂಟರೆಲ್ಲ ಹುಲ್ಲಿನ ಚಪ್ಪರದಲ್ಲಿ ಕೂತು ಟೀವಿ ನೋಡಬೇಕು. ಟೀವಿಯೊಳಗೆ ಒಬ್ಬ ಹುಡುಗಿ ಮೆತ್ತಗಿನ ದನಿಯಲ್ಲಿ ಹೇಳುತ್ತಾಳೆ: ಮೊಟ್ಟೆ ಇಡುವ ತಾಯಿಗೆ ಖಾಸಗಿತನ ಬೇಕು. ಯಾರೋ ನೋಡುತ್ತಿದ್ದಾರೆ ಎನಿಸಿದರೆ ಅದು ಹೊಟ್ಟೆಯ ಮೊಟ್ಟೆಯನ್ನು ಹಾಗೇ ಹಿಡಿದುಕೊಂಡು ನೀರಿಗೆ ವಾಪಸು ಹೋಗುತ್ತದೆ. ದಯವಿಟ್ಟು ದೂರವಿರಿ.

ನೆಂಟರು ಅಯ್ಯೋ ಪಾಪ ಎನ್ನುತ್ತಾರೆ. ಕೆಲವರ ಕಣ್ಣಲ್ಲಿ ನೀರೂ ಬರುತ್ತದೆ. ಹೊರಗೆ ‘ಆಮೆ ಬಂತು’ ಎಂದು ಯಾರಾದರೂ ಕೂಗಲಿ, ಅದೇ ಕಣ್ಣೀರಿನಲ್ಲಿ ಎದ್ದು ಓಡುತ್ತಾರೆ.

ಪಾಪಕ್ಕ ಚಪ್ಪರದ ಕಂಬಕ್ಕೆ ಒರಗಿ, ಪೊರಕೆ ಹಿಡಿದು ಇದನ್ನು ಕೇಳಿದವಳು ಇಂದ್ರಾಣಿಯ ಕಡೆ ತಿರುಗಿದಳು.

“ಇಂದ್ರಾಣೀ, ಆಮೆನೂ ತಡ್ಕಂತೈತಂತೆ ಕಣೆ.”

“ಅದಕ್ಕಾದ್ರೂ ಟೀವೀಲಿ ಏಳೋರವ್ರೆ ಅಕ್ಕಾ,” ಎಂದಳು ಇಂದ್ರಾಣಿ. “ನಮಗೆ ಯಾರು?”

ತಡೆದುಕೊಳ್ಳುವ ಸಂಗತಿ ಹೀಗೆ. ಬೆಳಿಗ್ಗೆ ಗೇಟಿನೊಳಗೆ ಬಂದರೆ ಕತ್ತಲಾಗುವವರೆಗೆ ಹೊರಗೆ ಬಿಡುವುದಿಲ್ಲ. ಒಳಗೆ ಕಕ್ಕಸು ನೆಂಟರದು. ಹೆಂಗಸರಿಗೆ ಉಳಿದದ್ದು ಏರಿಯ ಹಿಂದಿನ ತಂಗಡಿ ಗಿಡಗಳ ಸಾಲು. ಅಲ್ಲಿಗೆ ಒಬ್ಬಳು ಹೋದರೆ ಇಬ್ಬರು ಮರೆ ಹಿಡಿಯುತ್ತಿದ್ದರು. ಮರೆ ಹಿಡಿಯುವುದೆಂದರೆ ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಅಗಲಿಸಿ, ಕೂತವಳಿಗೆ ಬೆನ್ನು ಮಾಡಿ ನಿಲ್ಲುವುದು. ಹಿಂದೆ ತಿರುಗಿ ನೋಡಬಾರದು. ಜೋರಾಗಿ ಏನಾದರೂ ಮಾತಾಡುತ್ತಿರಬೇಕು, ಒಳಗಿನವಳಿಗೆ ನಾಚಿಕೆಯಾಗದ ಹಾಗೆ. ಕಳೆ ಕೀಳುವ ಹೊಲದಲ್ಲಿ, ಇಟ್ಟಿಗೆ ಗೂಡಿನಲ್ಲಿ, ರಸ್ತೆ ಕೆಲಸದಲ್ಲಿ, ಕೂಲಿ ಹೆಂಗಸರು ಹೋದಲ್ಲೆಲ್ಲ ಈ ಗೋಡೆಯನ್ನು ಮೈಮೇಲೆ ಹೊತ್ತುಕೊಂಡೇ ಹೋಗುತ್ತಾರೆ. ಪಾಪಕ್ಕ ರಾಗಿ ಹೊಲದಲ್ಲಿ ತನ್ನ ಎರಡನೆಯ ಮಗುವನ್ನು ಹೆತ್ತದ್ದೂ ಇಂಥ ಗೋಡೆಯ ಹಿಂದೆಯೇ.

ಹೋದ ಶನಿವಾರ ಶಶಿರೇಖ ಒಬ್ಬಳೇ ಹೋದಳು. ಪಾಪಕ್ಕ ಅಂಗಳದಲ್ಲಿದ್ದಳು, ಇಂದ್ರಾಣಿ ಒಲೆಯ ಮುಂದಿದ್ದಳು, ಹುಡುಗಿಗೆ ಅವಸರವಾಗಿತ್ತು. ಏರಿಯ ಮೇಲೆ ಆಮೆಗಾಗಿ ಕಾದು ಕಾದು ಬೇಸತ್ತ ನೆಂಟರ ಗುಂಪು. ತಂಗಡಿ ಗಿಡ ಅಲ್ಲಾಡಿತು. ಯಾರೋ ಆಮೆ ಆಮೆ ಎಂದು ಕೂಗಿದರು. ಎಲ್ಲರೂ ಫೋನು ಎತ್ತಿಕೊಂಡು ಓಡಿದರು. ಗಿಡ ಸರಿಸಿದರು.

ಶಶಿರೇಖ ಎದ್ದು ನಿಂತಳು. ನಿಲ್ಲದೆ ಬೇರೆ ದಾರಿಯಿರಲಿಲ್ಲ.

ಎತ್ತಿದ ಫೋನುಗಳು ಎತ್ತಿದ ಹಾಗೇ ಇದ್ದವು. ಆಮೇಲೆ ಹಿಂದೆ ಯಾರೋ ಕಿಸಕ್ಕೆಂದರು. ಮುಂದಿದ್ದವನು ‘ಸಾರಿ ಆಂಟಿ’ ಎಂದ. ಶಶಿರೇಖಳಿಗೆ ಇಪ್ಪತ್ತೆರಡು.

ಅವಳು ಅಡುಗೆಮನೆಯ ಹಿಂದೆ ಪಾತ್ರೆಗಳ ಮಧ್ಯೆ ಕೂತು ಸಂಜೆಯವರೆಗೂ ತಲೆ ಎತ್ತಲಿಲ್ಲ. ಊಟ ಮಾಡಲಿಲ್ಲ. ಅವರ ಫೋನಿನಲ್ಲಿ ತಾನಿದ್ದೀನಾ ಇಲ್ಲವಾ, ಅದೊಂದೇ ಕೇಳಿದಳು. ಪಾಪಕ್ಕನಿಗೆ ಗೊತ್ತಿರಲಿಲ್ಲ. ಯಾರಿಗೆ ಗೊತ್ತು?

ಪಾಪಕ್ಕ ನೇರ ಕಾಂತರಾಜನ ಮೇಜಿನ ಮುಂದೆ ಹೋಗಿ ನಿಂತಳು.

“ಮೇನೇಜರಪ್ಪಾ, ಕಕ್ಕಸಿಗೆ ನಾವೂ ಓಗ್ತೀವಿ. ನಾಳೆಯಿಂದ.”

“ಅಕ್ಕಾ, ನನಗೆ ಅರ್ಥ ಆಗುತ್ತೆ. ಆದ್ರೆ ಅದು ಗೆಸ್ಟಿಗೆ. ನೀವು ಹೋಗಿದ್ದು ಗೊತ್ತಾದ್ರೆ ಗೆಸ್ಟು ಮುಖ ಸಿಂಡರಿಸ್ತಾರೆ.”

“ನಾನು ತಿಕ್ಕಿದ ಮ್ಯಾಲೆ ತಾನೆ ಅವ್ರು ಕೂರೋದು? ನನ್ ಕೈ ಮುಟ್ಟಿದ್ರೆ ಸಿಂಡರಿಸಲ್ಲ. ಇನ್ನೇನ್ ಮುಟ್ಟಿದ್ರೆ ಸಿಂಡರಿಸ್ತಾರಪ್ಪಾ, ಬಿಡಿಸಿ ಏಳು.”

ಕಾಂತರಾಜನ ಕಿವಿ ಕೆಂಪಾಯಿತು. “ಓನರ್ ಹತ್ರ ಮಾತಾಡ್ತೀನಿ,” ಎಂದ.

ಮಾತಾಡಿದ. ಓನರು ಕೂಡಲೇ ಪರಿಹಾರ ಸೂಚಿಸಿದರು. ಸೋಮವಾರ ಬೆಳಿಗ್ಗೆ ಆಳುಗಳು ಬಂದು ತಂಗಡಿ ಗಿಡಗಳನ್ನೆಲ್ಲ ಬುಡಸಮೇತ ಕಡಿದು ಹಾಕಿದರು. ಇನ್ನು ನೆಂಟರಿಗೆ ಯಾವುದು ಆಮೆ, ಯಾವುದು ಹೆಂಗಸು ಎಂದು ತಪ್ಪಾಗುವ ಹಾಗಿಲ್ಲ.

ಅಂದಿನಿಂದ ಮೂವರೂ ನೀರು ಕುಡಿಯುವುದನ್ನು ಬಿಟ್ಟರು. ಬೆಳಿಗ್ಗೆ ಮನೆಯಲ್ಲಿ ಹೋಗಿ ಬಂದರೆ ಮತ್ತೆ ರಾತ್ರಿಯೇ. ತುಟಿ ಒಡೆದವು. ಹೋದಾಗ ಉರಿ. ಕಿಬ್ಬೊಟ್ಟೆಯಲ್ಲಿ ಕಲ್ಲು ಕಟ್ಟಿದ ಹಾಗೆ ನೋವು. ಇಂದ್ರಾಣಿಯ ಕಷ್ಟ ಎಲ್ಲರಿಗಿಂತ ಹೆಚ್ಚು. ಸಕ್ಕರೆಗೆ ನಾಲಿಗೆ ಒಣಗುತ್ತದೆ, ನೀರು ಬೇಕೆನ್ನುತ್ತದೆ. ಕುಡಿದರೆ ಹೋಗಬೇಕೆನ್ನುತ್ತದೆ. ಅವಳು ಒಲೆಯ ಮುಂದೆ ಕಾಲಿಗೆ ಕಾಲು ಹೆಣೆದು ನಿಂತು ಚಪಾತಿ ಲಟ್ಟಿಸುತ್ತಿದ್ದಳು. ಗುರುವಾರ ಅವಳ ಸೀರೆ ನೆನೆಯಿತು. ಬಕೆಟ್ಟು ಚೆಲ್ಲಿತೆಂದು ಶಶಿರೇಖ ಸುಳ್ಳು ಹೇಳಿ, ನಿಜವಾಗಿಯೂ ಒಂದು ಬಕೆಟ್ಟು ನೀರು ತಂದು ಚೆಲ್ಲಿದಳು.

ಆ ರಾತ್ರಿ ಪಾಪಕ್ಕ ಮನೆಯಲ್ಲಿ ತಮಾಷೆ ಮಾಡಲಿಲ್ಲ. ಗಂಡ ಕೋದಂಡಪ್ಪ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡಿದ.

ಶನಿವಾರ ಬಂತು. ಹಿಂದಿನ ದಿನ ಒಳ್ಳೆ ಮಳೆಯಾಗಿತ್ತು. ಕ್ಯಾಂಪು ತುಂಬಿತ್ತು. ನೆಂಟರು ಚಪ್ಪರದಲ್ಲಿ ಕೂತು, ಟೀವಿ ಹುಡುಗಿಯ ಮಾತಿಗೆ ಅಯ್ಯೋ ಪಾಪ ಎಂದು, ಕಾಫಿ ಕುಡಿಯುತ್ತಿರುವಾಗ ಏರಿಯ ಮೇಲೆ ಆಮೆ ಕಾಣಿಸಿತು. ದೊಡ್ಡದು. ಬೆನ್ನಿಗೆ ಹಸಿರು ಪಾಚಿ ಮೆತ್ತಿಕೊಂಡು, ಅವಸರವಿಲ್ಲದೆ ಹತ್ತಿ ಬರುತ್ತಿತ್ತು.

ಕಾಂತರಾಜ್ ಓಡಿ ಬಂದು ಪಾಪಕ್ಕನ ಕೈಗೆ ಹಲಗೆ ಕೊಟ್ಟ. ಇದು ಅವಳ ಹೊಸ ಕೆಲಸ. ಆಮೆ ಗಾಬರಿಯಾಗಿ ನೀರಿಗೆ ತಿರುಗಿದರೆ ನೆಂಟರ ಫೋಟೋ ಹಾಳು. ಅದಕ್ಕೆ ನೀರಿನ ಕಡೆ ಹಲಗೆ ಹಿಡಿದು ನಿಲ್ಲಬೇಕು. ಆಮೆ ಮೇಲೆ ಹೋಗಬಹುದು, ಕೆಳಗೆ ಬರುವಂತಿಲ್ಲ. ಟೀವಿಯಲ್ಲಿ ಈ ಹಲಗೆಯ ವಿಷಯ ಬರುವುದಿಲ್ಲ.

“ಅಡ್ಡ ನಿಂತ್ಕೊ ಅಕ್ಕಾ. ಬಿಡ್ಬೇಡ. ಇವತ್ತು ಓನರ್ ಕಡೆಯೋರೂ ಬಂದವ್ರೆ.”

ಪಾಪಕ್ಕ ನಿಂತಳು. ಬೆಳಗಿನಿಂದ ತಡೆದಿದ್ದಳು. ಕಿಬ್ಬೊಟ್ಟೆ ಸಿಡಿಯುತ್ತಿತ್ತು. ನಿಲ್ಲುವುದೇ ಒಂದು ಕೆಲಸವಾಗಿತ್ತು.

ಆಮೆ ಹಿಂಗಾಲಿನಿಂದ ಮಣ್ಣು ಕೆರೆಯಲು ಶುರುಮಾಡಿತು. ನೆಂಟರು ಮೊದಲು ದೂರ ನಿಂತರು. ಆಮೇಲೆ ಒಬ್ಬ ಒಂದು ಹೆಜ್ಜೆ ಮುಂದಿಟ್ಟ. ಅವನ ತಲೆ ಅಡ್ಡ ಬಂತೆಂದು ಇನ್ನೊಬ್ಬ ಎರಡು ಹೆಜ್ಜೆ ಇಟ್ಟ. ಹೀಗೇ ಬಂದು ಬಂದು ಸುತ್ತ ಕಟ್ಟಿಕೊಂಡರು. ಟೋಪಿಯವನೊಬ್ಬ ಮಂಡಿಯೂರಿ ಆಮೆಯ ಹಿಂಭಾಗಕ್ಕೇ ಫೋನು ಹಿಡಿದ. ಫೋನಿನ ಬೆಳಕು ಹತ್ತಿತು.

ಆಮೆ ಕೆರೆಯುವುದನ್ನು ನಿಲ್ಲಿಸಿತು. ಕತ್ತು ಎತ್ತಿತು. ತಿರುಗಿ ನೀರಿನ ಕಡೆ ಬಂದು ಹಲಗೆಗೆ ಮೂತಿ ತಾಗಿಸಿತು. ಎಡಕ್ಕೆ ಹೋಯಿತು. ಹಲಗೆ. ಬಲಕ್ಕೆ ಹೋಯಿತು. ಹಲಗೆ. ಆಮೇಲೆ ಉಗುರಿನಿಂದ ಹಲಗೆಯನ್ನು ಪರಪರ ಕೆರೆಯಿತು. ಆ ಕೆರೆತ ಮರದೊಳಗಿಂದ ಹಾದು ಪಾಪಕ್ಕನ ಸುಲಿದ ಬೆರಳಿಗೆ ಮುಟ್ಟಿತು.

ಪಾಪಕ್ಕ ಹಲಗೆ ಎತ್ತಿ ಕೆರೆಗೆ ಎಸೆದಳು.

“ಅಕ್ಕಾ!” ಎಂದ ಕಾಂತರಾಜ್. “ಅಡ್ಡ ನಿಲ್ಲು ಅಂದ್ನಲ್ಲ!”

“ನಿಲ್ತೀನಿ ತಡಿಯಪ್ಪಾ.”

ಅವಳು ಆಮೆಯನ್ನು ಬಳಸಿ ಈಚೆ ಬಂದಳು. ನೆಂಟರ ಮುಂದೆ ನಿಂತಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಕಿತ್ತು ಎರಡೂ ಕೈಯಲ್ಲಿ ಅಗಲಿಸಿದಳು. ಆಮೆಗೆ ಬೆನ್ನು, ನೆಂಟರಿಗೆ ಮುಖ.

“ಇಂದ್ರಾಣೀ! ಶಶೀ! ಬನ್ರೇ, ಮರೆ ಹಿಡೀರಿ!”

ಇಂದ್ರಾಣಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಶಶಿರೇಖ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಷ್ಟು ಜನ, ಅಷ್ಟು ಫೋನು. ವಾರದಿಂದ ಅವಳು ಫೋನು ಎತ್ತಿದವರನ್ನು ಕಂಡರೆ ಗೋಡೆಯ ಹಿಂದೆ ಸರಿಯುತ್ತಿದ್ದಳು. ಈಗ ನಡೆದು ಬಂದಳು. ಟೋಪಿಯವನ ಎದುರಿಗೇ ಬಂದು ಸೆರಗು ಹಿಡಿದಳು.

“ಫೋನ್ ಇಳ್ಸಿ,” ಎಂದಳು.

“ಏನಮ್ಮಾ ಇದು?”

“ಇಳ್ಸಿ.”

ಅವನು ಇಳಿಸಿದ.

ಗುಂಪಿನಲ್ಲಿ ಗಲಾಟೆಯೆದ್ದಿತು. ದುಡ್ಡು ಕೊಟ್ಟು ಬಂದಿದ್ದೀವಿ ಎಂದರು. ಮಕ್ಕಳಿಗೆ ಪ್ರಕೃತಿ ತೋರಿಸಬೇಕು ಎಂದರು. ಮೇನೇಜರ್ ಎಲ್ಲಿ ಎಂದರು.

“ಏನಿಲ್ಲ ಸ್ವಾಮೀ,” ಎಂದಳು ಪಾಪಕ್ಕ ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ. “ಒಳಗೆ ಎರಿಗೆ ಆಗ್ತೈತೆ. ಗಂಡಸ್ರು ಒಸಿ ಆ ಕಡಿಕೆ ಓಗಿ. ಬೀಡಿಗೀಡಿ ಸೇದ್ಕಂಡು ಬನ್ನಿ. ಗಂಡೋ ಎಣ್ಣೋ ಆಮೇಲ್ ಏಳ್ತೀವಿ.”

ನೆಂಟರಲ್ಲಿ ಕೆಲವು ಹೆಂಗಸರು ನಕ್ಕರು. ಬೂಟು ಹಾಕಿಕೊಂಡಿದ್ದ ಒಬ್ಬ ಅಜ್ಜಿ ಹತ್ತಿರ ಬಂದು, “ನಾನು ಹೆಂಗಸೇ ಅಲ್ವೇನಮ್ಮ? ನಾನಾದ್ರೂ ನೋಡಬಹುದಾ?” ಎಂದರು.

“ನಾವೇ ನೋಡ್ತಿಲ್ಲ ತಾಯೀ.”

ಅಜ್ಜಿ ಮೂವರನ್ನೂ ಒಮ್ಮೆ ನೋಡಿದರು. ಹೌದು, ಮೂವರೂ ಆಮೆಗೆ ಬೆನ್ನು ಹಾಕಿ ನಿಂತಿದ್ದರು. ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಇಳಿದು ಹೋದರು. ಉಳಿದವರು ಹೋಗಲಿಲ್ಲ. ಪಕ್ಕದಿಂದ ಬಗ್ಗಿ ನೋಡಿದರು. ಬಗ್ಗಿದ ಕಡೆಗೆ ಇಂದ್ರಾಣಿ ಸರಿದಳು. ಕೋಲಿನ ತುದಿಗೆ ಫೋನು ಕಟ್ಟಿ ಮೇಲಿನಿಂದ ಚಾಚಿದರು. ಶಶಿರೇಖ ಕೈ ಮೇಲೆತ್ತಿದಳು.

ಕಾಂತರಾಜ್ ಬೆವರು ಒರೆಸಿಕೊಂಡು ಇಂದ್ರಾಣಿಯ ಹತ್ತಿರ ಬಂದು ತಮಿಳಿನಲ್ಲಿ ಅಂಗಲಾಚಿದ. ಒಂದೇ ಊರಿನವರು ನಾವು, ನೀನಾದರೂ ಅವಳಿಗೆ ಹೇಳು ಎಂದ.

“ನಾ ಏನ್ ಸೊಲ್ಲೋದು ಸಾರ್? ಕೈ ಸೋಲ್ತಾ ಐತೆ. ನಿಮ್ ಶರ್ಟ್ ಬಿಚ್ಚಿ ಕೊಡಿ, ಅದನ್ನೂ ಸೇರ್ಸಿ ಇಡ್ಕಂತೀನಿ.”

“ಪಾಪಕ್ಕಾ, ಓನರ್‌ಗೆ ನಾನೇನು ಉತ್ರ ಕೊಡ್ಲಿ?”

“ಟೀವಿ ಹುಡುಗಿ ಏಳಿದ್ದನ್ನೇ ನಾವು ಮಾಡಿದ್ವಿ ಅನ್ನು. ನಾವು ಮೂರ್ ಜನನೇ ಅದ್ನ ಕೇಳ್ಸ್ಕಂಡಿದ್ದು.”

“ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ಅಂತ ಹೇಳ್ಬೇಕಾಗುತ್ತೆ ಅಕ್ಕಾ. ನಿಜವಾಗ್ಲೂ.”

ಕೆಲಸ ಹೋದರೆ ಏನಾಗುತ್ತದೆಂದು ಪಾಪಕ್ಕನಿಗೆ ಗೊತ್ತು. ಕೋದಂಡಪ್ಪನಿಗೆ ಈಗ ಮೊದಲಿನ ಹಾಗೆ ಮೂಟೆ ಎತ್ತಲು ಆಗುವುದಿಲ್ಲ. ಬಂಗಾರಪೇಟೆಯ ಕೂಲಿಗೆ ನಿಲ್ಲುವ ಜಾಗದಲ್ಲಿ ಐವತ್ತು ದಾಟಿದವಳನ್ನು ಮೇಸ್ತ್ರಿಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಎಲ್ಲ ಗೊತ್ತಿತ್ತು. ಆದರೂ ಕೈ ಇಳಿಯಲಿಲ್ಲ. ಭುಜ ಸುಡುತ್ತಿತ್ತು. ಕಿಬ್ಬೊಟ್ಟೆಯ ಕಲ್ಲು ತೊಡೆಗೆ ಇಳಿದ ಹಾಗಾಗಿತ್ತು. ಅವಳು ಹಲ್ಲು ಕಚ್ಚಿ, ಕಾಲು ಒತ್ತಿ ಹಿಡಿದು ನಿಂತಳು.

ಹಿಂದೆ ಸದ್ದೇ ಇರಲಿಲ್ಲ. ಆಮೆ ಹೊರಟುಹೋಯಿತೋ ಏನೋ. ತಿರುಗಿ ನೋಡುವಂತಿಲ್ಲ.

“ಮಾತಾಡ್ರೇ,” ಎಂದಳು ಪಾಪಕ್ಕ. “ಸುಮ್ನಿದ್ರೆ ಅದಕ್ಕೆ ನಾಚ್ಕೆ ಆಯ್ತದೆ.”

ಇಂದ್ರಾಣಿ ತನ್ನ ನಾದಿನಿಯ ಕಥೆ ಎತ್ತಿದಳು. ಆ ನಾದಿನಿ ಮಾಡಿದ ಬಿರಿಯಾನಿ, ಅದರಲ್ಲಿ ಉಪ್ಪಿಲ್ಲದ್ದು, ಅದನ್ನು ಹೇಳಿದ ಗಂಡ ಮೂರು ದಿನ ಹೋಟೆಲಿನಲ್ಲಿ ಉಂಡದ್ದು. ನೆಂಟರು ಬೇರೆ ದಾರಿಯಿಲ್ಲದೆ ಅದನ್ನು ಕೇಳಿದರು. ಗಂಡನ ಕಥೆ ಮುಗಿಯುವಷ್ಟರಲ್ಲಿ ಹಿಂದಿನಿಂದ ಮಣ್ಣು ಕೆರೆಯುವ ಸದ್ದು ಮತ್ತೆ ಬಂತು. ಮೂವರೂ ಮುಖ ಮುಖ ನೋಡಿಕೊಂಡರು. ಇಂದ್ರಾಣಿ ಕಥೆ ನಿಲ್ಲಿಸಲಿಲ್ಲ. ಅತ್ತೆಯ ವಿಷಯಕ್ಕೆ ಬಂದಳು.

ಬಹಳ ಹೊತ್ತಾಯಿತು. ನೆಂಟರು ಒಬ್ಬೊಬ್ಬರೇ ಕೆಳಗಿಳಿದು ಕಾಫಿ ಕೇಳತೊಡಗಿದರು. ಕಾಫಿ ಮಾಡುವವಳು ಮೇಲಿದ್ದಳು. ಕೊನೆಗೆ ಕೆರೆಯಲ್ಲಿ ಏನೋ ಜಾರಿ ಬಿದ್ದ ಸದ್ದಾಯಿತು. ಪಾಪಕ್ಕ ಸೆರಗು ಇಳಿಸಿದಳು. ಮೊಟ್ಟೆ ಇಟ್ಟಿತೋ ಇಲ್ಲವೋ ಮೂವರಲ್ಲಿ ಯಾರೂ ಕಾಣರು. ಏರಿಯ ಮೇಲೆ ಅಂಗೈಯಿಂದ ತಟ್ಟಿದ ಹಾಗೆ ನಯವಾಗಿದ್ದ ಒಂದು ಚೂರು ಮಣ್ಣಿತ್ತು, ಅಷ್ಟೆ.

“ಅಕ್ಕಾ, ಆಫೀಸಿಗೆ ಬಾ. ಮಾತಾಡ್ಬೇಕು,” ಎಂದ ಕಾಂತರಾಜ್.

“ಈಗ ಆಗಾಕಿಲ್ಲ. ಅರ್ಜೆಂಟೈತೆ.”

“ಎಲ್ಲಿಗೆ?”

“ಎಲ್ಲಿಗೆ ಅಂತ ಕೂಗಿ ಏಳ್ಲಾ?”

ಪಾಪಕ್ಕ ಏರಿಯ ಮೆಟ್ಟಿಲು ಇಳಿದಳು. ಓಡಿದರೆ ಕೆಲಸ ಕೆಡುತ್ತದೆ. ಮೆಲ್ಲಗೆ, ಕಾಲು ಹತ್ತಿರ ಹತ್ತಿರ ಇಟ್ಟುಕೊಂಡು ಅಂಗಳ ದಾಟಿದಳು. ಹಿಂದೆ ಇಂದ್ರಾಣಿ, ಅವಳ ಹಿಂದೆ ಶಶಿರೇಖ. ಕಾಂತರಾಜನಿಗೆ ಅರ್ಥವಾಗುವಷ್ಟರಲ್ಲಿ ಪಾಪಕ್ಕ ಫಲಕವಿದ್ದ ಬಾಗಿಲನ್ನು ತಳ್ಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡಾಗಿತ್ತು.

ಆ ಕೋಣೆಯೊಳಗೆ ಅವಳು ಎಷ್ಟು ಸಲ ಬಂದಿಲ್ಲ! ಎಲ್ಲ ಸಲವೂ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಬ್ರಷ್ಷು. ಬರಿಗೈಯಲ್ಲಿ ಬಂದದ್ದು ಇವತ್ತೇ. ಇಲ್ಲಿ ಮಂಡಿಯೂರಿ ಗೊತ್ತಿತ್ತು, ಕೂತು ಗೊತ್ತಿರಲಿಲ್ಲ. ಅಂಜುತ್ತಾ ಕೂತಳು. ತಣ್ಣಗಿತ್ತು. ಉರಿ ಎದ್ದಿತು, ಕಣ್ಣಲ್ಲಿ ನೀರು ಬಂತು, ಆಮೇಲೆ ಒಂದು ವಾರದ ಕಲ್ಲು ಕರಗಿ ಹರಿಯಿತು. ಉಸಿರು ಬಿಟ್ಟಳು. ಒಳಗೆ ಚಿಲಕವಿರುವ ಜಾಗ ಇಷ್ಟು ಸುಖವಾಗಿರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ.

ಹೊರಗೆ ಮಾತು ಕೇಳುತ್ತಿತ್ತು. ಪಕ್ಕದ ಎರಡು ಬಾಗಿಲಿನೊಳಗೆ ನೆಂಟರಿದ್ದರು. ಈ ಬಾಗಿಲ ಮುಂದೆ ಇಂದ್ರಾಣಿ, ಶಶಿರೇಖ. ಅವರ ಹಿಂದೆ ನೆಂಟನೊಬ್ಬ ಬಂದು ನಿಂತ. ಇವರು ಸರಿಯಲಿಲ್ಲ. ಬಂದವನು ಕಾಂತರಾಜನನ್ನು ಕರೆದ. ಕಾಂತರಾಜ್ ಒಂದು ಸಲ ಕೆಮ್ಮಿದ. ಆಮೇಲೆ ಆಫೀಸಿನೊಳಗೆ ಹೋದ.

ಕೊನೆಗೆ ಆ ಮನುಷ್ಯ ತಾನೇ ಮುಂದೆ ಬಂದು ಬಾಗಿಲನ್ನು ಧಡಧಡ ಬಡಿದ.

“ಹಲೋ! ಯಾರು ಒಳಗೆ?”

ಪಾಪಕ್ಕ ಎದ್ದೇಳುವ ಅವಸರ ಮಾಡಲಿಲ್ಲ. ಕಣ್ಣು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

“ಮನುಷ್ಯರು!” ಎಂದಳು. “ಇರೀ, ಬತ್ತೀವಿ.”